ಬಾಣಂತಿಗೆ ಎರಡು ಲೋಟ

ಹೆತ್ತವಳಿಗೆ ನೀರು ಜಾಸ್ತಿ ಕೊಟ್ಟರೆ ಹೊಟ್ಟೆ ಜೋಲು ಬೀಳುತ್ತದೆ, ಮೈಗೆ ನಂಜು ಏರುತ್ತದೆ, ಕೂಸಿಗೆ ಶೀತ ಆಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ನಮ್ಮವ್ವ. ಅವಳಿಗೆ ಹೇಳಿಕೊಟ್ಟವಳು ಅವಳ ಅತ್ತೆ. ಆ ಅತ್ತೆಗೆ ಯಾರು ಹೇಳಿದರೋ ಗೊತ್ತಿಲ್ಲ. ಸಿಕ್ಕಿದ್ದರೆ ಅವರ ಹತ್ತಿರ ಒಂದೆರಡು ಮಾತು ಆಡುವುದಿತ್ತು.

ನನ್ನ ಮಗಳು ದಿವ್ಯಾಳನ್ನು ಮೊಳಕಾಲ್ಮುರಿಗೆ ಕೊಟ್ಟಿದ್ದೇವೆ. ಅಳಿಯ ಬಾಲರಾಜು ರೇಷ್ಮೆ ಸೀರೆ ನೇಯುತ್ತಾನೆ. ಚೊಚ್ಚಲ ಬಾಣಂತನ ತವರಿನವರದು, ಅದಕ್ಕೆ ಏಳು ತಿಂಗಳಿಗೇ ನಮ್ಮೂರು ನನ್ನಿವಾಳಕ್ಕೆ ಕರೆದುಕೊಂಡು ಬಂದಿದ್ದೆ. ಚಳ್ಳಕೆರೆ ಆಸ್ಪತ್ರೆಯಲ್ಲಿ ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಕೂಸು, ಎರಡು ಕೆಜಿ ಎಂಟುನೂರು ಗ್ರಾಂ. ಮೂರನೇ ದಿನಕ್ಕೆ ಮನೆಗೆ ಬಂದೆವು.

ಏಪ್ರಿಲ್ ತಿಂಗಳು. ಹೊರಗೆ ನಾಯಿ ಕೂಡ ನೆರಳು ಬಿಟ್ಟು ಕದಲದ ಬಿಸಿಲು. ನಾನು ಒಳಕೋಣೆಯ ಕಿಟಕಿ ಮುಚ್ಚಿ, ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಕೆಂಡ ಇಟ್ಟೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಕೊಬ್ಬರಿ ಬೆಲ್ಲ. ನೀರು ಮಾತ್ರ ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಅದೂ ಓಮ ಹಾಕಿ ಕುದಿಸಿದ್ದು. ನೀರಿನ ಬಿಂದಿಗೆಯನ್ನು ಅಡಿಗೆಮನೆಯಿಂದ ತಂದು ನನ್ನ ತಲೆದಿಂಬಿನ ಪಕ್ಕ ಇಟ್ಟುಕೊಂಡೆ. ನನ್ನನ್ನು ದಾಟದೆ ಒಂದು ಹನಿ ಆ ಕೋಣೆಗೆ ಹೋಗುವಂತಿರಲಿಲ್ಲ.

ಐದನೇ ದಿನ ನಮ್ಮೂರ ಆಶಾ ಕಾರ್ಯಕರ್ತೆ ಪ್ರೇಮಲತಾ ಬಂದಳು. ಕೂಸನ್ನು ತೂಗಿದಳು, ಚೆನ್ನಾಗೈತೆ ಅಂದಳು. ಆಮೇಲೆ ದಿವ್ಯಾಳ ತುಟಿ ನೋಡಿ ನನ್ನ ಕಡೆ ತಿರುಗಿದಳು.

"ಸಿದ್ದಕ್ಕ, ಇವಳಿಗೆ ನೀರು ಎಷ್ಟು ಕೊಡ್ತಿದ್ದೀಯಾ?"

"ಕೊಡಬೇಕಾದಷ್ಟು."

"ಈ ಬಿಸಿಲಾಗೆ, ಹಾಲು ಕುಡಿಸೋಳಿಗೆ ದಿನಕ್ಕೆ ಮೂರು ಲೀಟ್ರಾದ್ರೂ ಬೇಕು."

"ಮೂರು ಲೀಟ್ರಾ? ನಾನೇನು ಎಮ್ಮೆ ಕಟ್ಟಿದ್ದೀನಾ?"

"ಎಮ್ಮೆಗಾದ್ರೆ ಎರಡು ಬಕೀಟು ಇಡ್ತೀಯಲ್ಲಕ್ಕ. ಮಗಳಿಗೇ ಲೋಟದಾಗೆ ಅಳೀತೀಯಾ."

ನನಗೆ ಮೈಯೆಲ್ಲಾ ಉರಿಯಿತು. "ನೀನು ಲಂಗ ಹಾಕ್ಕೊಂಡು ಓಡಾಡ್ತಿದ್ದಾಗ ನಾನು ಇಬ್ಬರನ್ನ ಹೆತ್ತು ಬಾಣಂತನ ಮುಗಿಸಿದ್ದೆ. ಎದ್ದೇಳು. ಮತ್ತೆ ಈ ಹೊಸ್ತಿಲು ತುಳೀಬೇಡ" ಎಂದೆ. ಅವಳು ತಕ್ಕಡಿ ಮಡಚಿಕೊಂಡು ಸ್ಕೂಟಿ ಹತ್ತಿ ಹೋದಳು. ಬೀದಿಯ ಮೂರು ಮನೆಯವರು ಬಾಗಿಲಿಗೆ ಬಂದು ನೋಡಿದರು. ನನ್ನ ಗಂಟಲು ಹಾಗೆ.

ನನ್ನ ಗಂಡ ಹುಲಿಯಪ್ಪನಿಗೆ ಆ ದಿನದಿಂದ ಮೊಮ್ಮಗಳ ಮೇಲೆ ಅಕ್ಕರೆ ಉಕ್ಕಿತು. ಗಳಿಗೆಗೊಮ್ಮೆ "ಕೂಸಿನ ಮುಖ ನೋಡ್ಕೊಂಡು ಬರ್ತೀನಿ" ಎಂದು ಒಳಗೆ ಹೋಗುತ್ತಿದ್ದ. ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ಸಣ್ಣ ನಗು. ನೋಡಿ, ತಾತ ಅಂದರೆ ಹೀಗಿರಬೇಕು ಎಂದು ಅಕ್ಕಪಕ್ಕದವರ ಹತ್ತಿರ ಮೂರು ದಿನ ಹೊಗಳಿದೆ. ನಾಲ್ಕನೇ ದಿನ ಅವನು ಬಗ್ಗಿದಾಗ ಟವೆಲ್ಲಿನಿಂದ ನೀರಿನ ಬಾಟಲಿ ಜಾರಿ ನನ್ನ ಕಾಲ ಹತ್ತಿರ ಉರುಳಿತು.

"ಏನಿದು?"

"ನನಗೆ ದಾಹ" ಅಂದ.

"ನಿನ್ನ ದಾಹಕ್ಕೆ ಬಾಣಂತಿ ಕೋಣೆನೇ ಬೇಕಾ?"

ಅವತ್ತು ನಾನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವನು ಆಮೇಲೆ ಕೂಸಿನ ಮುಖವನ್ನು ಬಾಗಿಲಲ್ಲೇ ನಿಂತು ನೋಡುತ್ತಿದ್ದ.

ಮಾರನೇ ದಿನ, ಹೆತ್ತ ಹತ್ತನೇ ದಿನ, ದಿವ್ಯಾ ಹಣೆ ಹಿಡಿದುಕೊಂಡು ಕೂತಿದ್ದಳು.

"ಅವ್ವ, ತಲೆ ನೋಯ್ತೈತೆ."

"ಗಾಳಿ ತಗುಲೈತೆ. ಹತ್ತಿ ಎಲ್ಲಿ ಬೀಳಿಸ್ಕೊಂಡೆ? ಮಲಕ್ಕೋ, ಹೋಗುತ್ತೆ."

"ಮಲಗಿದ್ರೆ ಜಾಸ್ತಿ ಆಗ್ತೈತೆ. ಎದ್ದು ಕೂತ್ರೆ ಸ್ವಲ್ಪ ವಾಸಿ."

ಮಲಗಿದರೆ ಜಾಸ್ತಿಯಾಗುವ ತಲೆನೋವನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಲೋಕದವರೆಲ್ಲಾ ತಲೆನೋವು ಬಂದರೆ ಮಲಗುತ್ತಾರೆ, ಇವಳು ಎದ್ದು ಕೂರುತ್ತಾಳಂತೆ. ಫೋನ್ ನೋಡುವುದಕ್ಕೆ ನೆಪ ಎಂದುಕೊಂಡೆ. ಫೋನ್ ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಇಟ್ಟೆ. ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿದೆ. ಹನ್ನೊಂದನೇ ದಿನ ಎರಡು ಸಲ ವಾಂತಿ ಮಾಡಿದಳು. ಬೆಳ್ಳುಳ್ಳಿ ಜಾಸ್ತಿಯಾಯಿತು ಎಂದು ಬೆಳ್ಳುಳ್ಳಿ ಕಮ್ಮಿ ಮಾಡಿದೆ. ನೀರು ಅಷ್ಟೇ ಇತ್ತು.

ಹನ್ನೆರಡನೇ ದಿನ ಬೀಗತಿ ಕೊಟ್ರಮ್ಮ, ಬಾಲರಾಜುವಿನ ತಾಯಿ, ಮೊಳಕಾಲ್ಮುರಿನಿಂದ ಬಂದಳು. ಮಾರನೇ ದಿನ ಕೂಸಿಗೆ ಹೆಸರಿಡುವ ಶಾಸ್ತ್ರವಿತ್ತು. ಕೊಟ್ರಮ್ಮನ ಮಾತು ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ಜೋರು. ನನ್ನನ್ನು ಕರೆಯುವುದು ವದಿನಾ, ಅಂದರೆ ಅತ್ತಿಗೆ, ಎಂದು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಯ್ಯೋ ನಾ ತಲ್ಲಿ, ಏಮೈಂದಿ ನಿನಗೆ? ಮುಖ ಎಲ್ಲಾ ಬಾಡೋಗೈತೆ. ವದಿನಾ, ಇದು ದಿಷ್ಟಿ. ನಮ್ಮ ಮನೇಲಿ ಇದ್ದಿದ್ರೆ ಹಿಂಗಾಗ್ತಿರಲಿಲ್ಲ."

"ನಿಮ್ಮ ಮನೇಲಿ ಮಗ್ಗದ ಸದ್ದಿಗೇ ತಲೆ ಎರಡು ಹೋಳಾಗಿರೋದು" ಎಂದೆ.

"ಮಗ್ಗದ ಸದ್ದಿಗೆ ನನ್ನ ಮೂರು ಮಕ್ಕಳು ನಿದ್ದೆ ಮಾಡ್ಯಾವೆ, ತಿಳ್ಕೋ."

ದೃಷ್ಟಿ ತೆಗೆಯಲೇಬೇಕು ಎಂದು ಹಟ ಹಿಡಿದು ಉಪ್ಪು, ಒಣಮೆಣಸಿನಕಾಯಿ ಇಳಿತೆಗೆದು ಕೆಂಡಕ್ಕೆ ಹಾಕಿದಳು. ಘಾಟು ಬರಲಿಲ್ಲ.

"ನೋಡಿದ್ಯಾ? ಘಾಟೇ ಇಲ್ಲ. ಎಂಥಾ ದಿಷ್ಟಿ ಬಿದ್ದೈತೆ!"

"ದೃಷ್ಟಿನೂ ಇಲ್ಲ, ಮಣ್ಣೂ ಇಲ್ಲ. ಮೆಣಸಿನಕಾಯಿ ಹೋದ ವರ್ಷದ್ದು."

ನಾವಿಬ್ಬರೂ ಒಪ್ಪಿದ್ದು ಒಂದೇ ವಿಷಯದಲ್ಲಿ. ನೀರು ಎಷ್ಟು ಕೊಡ್ತಿದ್ದೀಯಾ ಎಂದು ಅವಳು ಕೇಳಿದಳು. ಎರಡು ಲೋಟ ಎಂದೆ. "ನಮ್ಮ ಕಡೆ ಒಂದೂವರೆ. ಆದ್ರೂ ಪರವಾಗಿಲ್ಲ, ಚೆನ್ನಾಗೇ ಮಾಡ್ತಿದ್ದೀಯಾ" ಅಂದಳು. ನನಗೆ ಒಳಗೊಳಗೇ ಖುಷಿಯಾಯಿತು. ಪಕ್ಕದಲ್ಲಿ ದಿವ್ಯಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಬೆಳಕು ನೋಡಿದರೆ ಕಣ್ಣು ಮಂಜಾಗುತ್ತದೆ ಎಂದಿದ್ದಳು. ಅದನ್ನು ನಾವು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ.

ಹೆಸರಿಡುವ ದಿನ ಬೆಳಗ್ಗೆ ಕೂಸು ಅಳುತ್ತಿತ್ತು. ನಾನು ಎತ್ತಿಕೊಂಡು ಕೋಣೆಗೆ ಬಂದೆ. ದಿವ್ಯಾ ಎಡಗೈ ಚಾಚಿದಳು.

"ಅವ್ವ, ಮೊರ ಕೊಡು."

"ಮೊರ ಯಾಕೆ?"

"ಅಳ್ತೈತೆ. ಮೊರ ಕೊಡು."

ಕೊಟ್ರಮ್ಮ ಕೈ ತಟ್ಟಿ ನಕ್ಕಳು. ನಮ್ಮಲ್ಲಿ ಹೆಸರಿಡುವಾಗ ಕೂಸನ್ನು ಮೊರದಲ್ಲಿ ಮಲಗಿಸುವ ಪದ್ಧತಿ. "ನೋಡು ವದಿನಾ, ಇವಳಿಗೆ ಎಷ್ಟು ಆತ್ರ! ಇನ್ನೂ ಜನಾನೇ ಬಂದಿಲ್ಲ, ಆಗಲೇ ಮೊರ ಕೇಳ್ತಾಳೆ" ಅಂದಳು. ನಾನೂ ನಕ್ಕೆ. ಹೋಗಿ ಮೊರವನ್ನೇ ತಂದು ಮುಂದೆ ಹಿಡಿದೆ. ದಿವ್ಯಾ ಮೊರ ನೋಡಿದಳು, ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು.

"ಅದಲ್ಲ. ಮೊರ! ನನ್ ಮೊರ!" ಎಂದು ಕೂಸಿನ ಕಡೆ ತೋರಿಸಿದಳು.

ಕೂಸನ್ನು ಮೊರ ಅನ್ನುತ್ತಿದ್ದಳು. ಬಲಗೈ ಮಡಿಲಲ್ಲಿ ಬಿದ್ದಿತ್ತು, ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ. ಬಲಗಡೆಯ ತುಟಿಯೂ ಜೋತುಬಿದ್ದಿತ್ತು. ಕೊಟ್ರಮ್ಮನ ನಗು ಅರ್ಧಕ್ಕೆ ನಿಂತಿತು. ನಾವು ನೋಡುತ್ತಿದ್ದಂತೆ ಆ ಕೈ ಅದುರಲು ಶುರುವಾಯಿತು, ಆಮೇಲೆ ತೋಳು, ಆಮೇಲೆ ಇಡೀ ಮೈ. ಕಣ್ಣುಗುಡ್ಡೆ ಮೇಲೆ ಹೋಯಿತು.

"ಬಾಣಂತಿ ಸನ್ನಿ!" ಎಂದು ಕೊಟ್ರಮ್ಮ ಚೀರಿದಳು. "ಕಬ್ಬಿಣ ತಗೊಂಬಾ! ಬೀಗದಕೈ ಕೊಡು! ನಮ್ಮ ಕಡೆ ಸನ್ನಿ ಬಿಡಿಸೋರು ಒಬ್ಬರವ್ರೆ, ಬೂದಿ ಹಾಕಿದ್ರೆ ಅರ್ಧ ಗಂಟೇಲಿ ಎದ್ದು ಕೂರ್ತಾಳೆ."

"ಎಷ್ಟು ದೂರ?"

"ಎರಡು ಬಸ್ಸು."

ಎರಡು ಬಸ್ಸು ಎಂದಾಗ ನನಗೆ ಬುದ್ಧಿ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬುದ್ಧಿ ಬರಲಿಲ್ಲ, ಭಯ ಬಂತು. ಆ ಭಯದಲ್ಲಿ ನೆನಪಾದದ್ದು ಒಂದೇ ಮುಖ. ಹುಲಿಯಪ್ಪನ ಜೇಬಿನಿಂದ ಫೋನ್ ಎಳೆದುಕೊಂಡೆ.

"ಪ್ರೇಮಾ, ನಾನು ಸಿದ್ದಕ್ಕ."

"ಹೇಳಕ್ಕ. ಬೈಗುಳ ಬಾಕಿ ಐತಾ?"

"ದಿವ್ಯಾಗೆ ಫಿಟ್ಸ್ ಬಂದೈತೆ."

ಆ ಕಡೆ ಪಾತ್ರೆ ಬಿದ್ದ ಸದ್ದಾಯಿತು. "ಎಡ ಮಗ್ಗುಲಿಗೆ ಮಲಗ್ಸು. ಕೈಕಾಲು ಅದುಮಿ ಹಿಡೀಬೇಡ. ಬಾಯಿಗೆ ಏನೂ ಹಾಕ್ಬೇಡ, ನೀರು ಕೂಡ ಹಾಕ್ಬೇಡ. ನೂರೆಂಟಕ್ಕೆ ನಾನೇ ಫೋನ್ ಮಾಡ್ತೀನಿ."

ಹತ್ತು ದಿನ ನಾನು ಕೊಡದ ನೀರನ್ನು ಆ ಗಳಿಗೆಯಲ್ಲಿ ಕೊಡಬೇಕೆಂದು ಬಿಂದಿಗೆಗೆ ಕೈ ಹಾಕಿದ್ದೆ. ನೀರು ಕೊಡು ಅಂದಿದ್ದವಳೇ ಬೇಡ ಅಂದಳು. ಕೈ ಹಿಂದಕ್ಕೆ ತೆಗೆದೆ. ಬೀಗದಕೈ ಹಿಡಿದು ಬಂದ ಕೊಟ್ರಮ್ಮನಿಗೂ "ದೂರ ನಿಲ್ಲು" ಎಂದೆ. ನಿಂತಳು.

ಪ್ರೇಮಲತಾ ನಾಲ್ಕು ನಿಮಿಷದಲ್ಲಿ ಬಂದಳು. ಕೂದಲು ಬಾಚಿರಲಿಲ್ಲ. ನಾನು ತುಳೀಬೇಡ ಎಂದಿದ್ದ ಹೊಸ್ತಿಲನ್ನು ಚಪ್ಪಲಿ ಸಮೇತ ದಾಟಿದಳು. ಅಷ್ಟರಲ್ಲಿ ಅದುರುವುದು ನಿಂತಿತ್ತು, ಮಗಳು ಗೊರಕೆ ಹೊಡೆಯುತ್ತಿದ್ದಳು. "ತಲೆನೋವು ಇತ್ತಾ?" ಎಂದು ಕೇಳಿದಳು. ಮೂರು ದಿನದಿಂದ ಎಂದು ಹುಲಿಯಪ್ಪ ಹೇಳಿದ. ಪ್ರೇಮಲತಾ ನನ್ನ ಕಡೆ ನೋಡಿದಳು. ಏನಾದರೂ ಅಂದಿದ್ದರೆ ಸಮಾಧಾನವಾಗುತ್ತಿತ್ತು.

ಚಳ್ಳಕೆರೆಯಲ್ಲಿ ಇಂಜೆಕ್ಷನ್ ಕೊಟ್ಟು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಒಬ್ಬರೇ ಕೂರಬೇಕು ಎಂದು ಡ್ರೈವರ್ ಹೇಳಿದ. ಕೊಟ್ರಮ್ಮ ಕೂಸನ್ನು ಎತ್ತಿಕೊಂಡು ಆಗಲೇ ಒಳಗೆ ಕೂತಿದ್ದಳು. ನಾನು ಅವಳ ಎದುರಿಗೆ ಕೂತೆ. ಇಳಿಸೋ ಧೈರ್ಯ ಇದ್ದರೆ ಇಳಿಸು ಎಂದು ಇಬ್ಬರೂ ಅವನ ಮುಖ ನೋಡಿದೆವು. ಅವನು ಬಾಗಿಲು ಹಾಕಿದ.

ದಾವಣಗೆರೆಯಲ್ಲಿ ತಲೆಯನ್ನು ದೊಡ್ಡ ಮಿಷಿನ್ನಿಗೆ ಹಾಕಿದರು. ಹೊರಗೆಲ್ಲಾ ಧಡಧಡ ಸದ್ದು. "ಲಾಳಿ ಸಿಕ್ಕಾಕ್ಕೊಂಡ ಮಗ್ಗದಂಗೆ ಐತೆ" ಎಂದು ಕೊಟ್ರಮ್ಮ ಮೆಲ್ಲಗೆ ಹೇಳಿದಳು. ಅವತ್ತು ಅವಳು ಮೆಲ್ಲಗೆ ಮಾತಾಡಿದ್ದು ಅದೊಂದೇ.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವಳು, ನಮ್ಮ ದಿವ್ಯಾಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅಷ್ಟರಲ್ಲಿ ಹುಲಿಯಪ್ಪ ಬಸ್ಸಿನಲ್ಲಿ, ಬಾಲರಾಜು ಮೊಳಕಾಲ್ಮುರಿನಿಂದ ಓಡೋಡಿ ಬಂದಿದ್ದರು. ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದಳು.

"ತಲೆಯಿಂದ ರಕ್ತ ಕೆಳಗಿಳಿಯೋ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಇಳಿಯೋಕೆ ದಾರಿ ಇಲ್ಲದೆ ಒತ್ತಡ ಏರಿದೆ. ಅದಕ್ಕೇ ತಲೆನೋವು, ವಾಂತಿ, ಫಿಟ್ಸು."

"ಲಕ್ವಾನಾ?" ಎಂದ ಹುಲಿಯಪ್ಪ.

"ಅದೇ ಜಾತಿದು. ವಯಸ್ಸಾದವರಿಗೆ ಮಾತ್ರ ಬರೋದು ಅಂದ್ಕೊಂಡಿರ್ತೀರಿ. ಹೆರಿಗೆ ಆದವರಿಗೂ ಬರುತ್ತೆ. ತಲೆನೋವು ಮಲಗಿದ್ರೆ ಜಾಸ್ತಿ ಆಗ್ತಿತ್ತಾ?"

ದಿವ್ಯಾ ಮೊದಲ ದಿನವೇ ಅದನ್ನು ಹೇಳಿದ್ದಳು. ಹೌದು ಎಂದು ತಲೆಯಾಡಿಸಿದೆ.

"ಎದ್ದು ಕೂತ್ರೆ ಕಮ್ಮಿಯಾಗಿ, ಮಲಗಿದ್ರೆ ಏರೋ ತಲೆನೋವು ಅಂದ್ರೆ ಒಳಗೆ ಒತ್ತಡ ಇದೆ ಅಂತ. ಅವತ್ತೇ ಬರಬೇಕಿತ್ತು. ಇರಲಿ. ನೀರು ಎಷ್ಟು ಕುಡೀತಿದ್ರು?"

ಹುಲಿಯಪ್ಪ ಗೋಡೆ ನೋಡಿದ. ನನಗೆ ಸುಳ್ಳು ಹೇಳುವ ಮನಸ್ಸಾಯಿತು, ಮುಚ್ಚಿಡುವುದಿಲ್ಲ. ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೊಟ್ರಮ್ಮ ಮುಂದೆ ಬಂದಳು.

"ನಾನೇ ಡಾಕ್ಟ್ರೆ, ನೀರು ಜಾಸ್ತಿ ಕೊಡಬ್ಯಾಡ ಅಂತ ನಾನೇ ಹೇಳಿದ್ದು."

"ನೀನು ಬಂದಿದ್ದೇ ನಿನ್ನೆ!" ಎಂದು ನಾನು ಕೂಗಿದೆ. "ನನ್ನ ತಪ್ಪು ನೀನ್ಯಾಕೆ ತಲೆ ಮೇಲೆ ಹಾಕ್ಕೊಳ್ತೀಯಾ?"

"ನಾನೂ ಮೂರು ಬಾಣಂತನ ಹಿಂಗೇ ಮಾಡೀನಿ. ನಿನ್ನ ಹೊಗಳ್ದೆ ಬೇರೆ. ನನಗೂ ಪಾಲೈತೆ."

"ಪಾಲು ಕೇಳೋಕೆ ಇದೇನು ಹೊಲಾನಾ? ನನ್ನ ಮನೆ, ನನ್ನ ಬಿಂದಿಗೆ, ನನ್ನ ಲೋಟ."

"ಜಗಳ ಹೊರಗೆ ಆಡಿ" ಎಂದಳು ಡಾಕ್ಟ್ರಮ್ಮ. "ನನಗೆ ನಿಜ ಬೇಕು. ಎಷ್ಟು?"

"ಎರಡು ಲೋಟ" ಎಂದೆ.

"ಗಂಟೆಗಾ?"

"ದಿನಕ್ಕೆ."

ಅವಳು ಪೆನ್ನು ಕೆಳಗಿಟ್ಟಳು. ಹೊರಗೆ ಎಷ್ಟು ಡಿಗ್ರಿ ಬಿಸಿಲಿದೆ ಗೊತ್ತಾ ಎಂದು ಕೇಳಲಿಲ್ಲ, ಆದರೆ ಕೇಳಿದ ಹಾಗೆ ನೋಡಿದಳು.

"ನಾನು ಮೂರು ದಿನ ಕದ್ದು ಒಂದೊಂದು ಬಾಟ್ಲಿ ಕೊಟ್ಟಿದ್ದೆ" ಎಂದ ಹುಲಿಯಪ್ಪ ಸಣ್ಣ ದನಿಯಲ್ಲಿ. "ಆಮೇಲೆ ಸಿಕ್ಕಾಕ್ಕೊಂಡೆ."

"ನಿಮ್ಮ ಮನೇಲಿ ಸರಿಯಾದ ಕೆಲಸ ಮಾಡಿದವರು ಕಳ್ಳರೊಬ್ಬರೇ" ಎಂದಳು ಡಾಕ್ಟ್ರಮ್ಮ. ಹುಲಿಯಪ್ಪನ ಬೆನ್ನು ಅವತ್ತು ನೆಟ್ಟಗಾದದ್ದು ಇವತ್ತಿಗೂ ಬಾಗಿಲ್ಲ.

ಆಮೇಲೆ ಅವಳು ಸ್ವಲ್ಪ ಮೆತ್ತಗಾಗಿ ಹೇಳಿದಳು. ಹೆತ್ತ ಮೇಲೆ ಎಲ್ಲರ ರಕ್ತವೂ ಬೇಗ ಹೆಪ್ಪುಗಟ್ಟುವ ಗುಣ ತೋರಿಸುತ್ತದಂತೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಎಂದು ದೇಹವೇ ಮಾಡಿಕೊಳ್ಳುವ ಏರ್ಪಾಡು. ನೀರು ಕುಡಿದವರಿಗೂ ಅಪರೂಪಕ್ಕೆ ಹೀಗಾಗುವುದುಂಟು. ಆದರೆ ಒಣಗಿಸಿ ಇಟ್ಟರೆ ಅಪಾಯ ಹೆಚ್ಚು. ರಕ್ತ ತೆಳು ಮಾಡುವ ಇಂಜೆಕ್ಷನ್ ಶುರು ಮಾಡುತ್ತೇವೆ ಎಂದಳು.

"ಮಾತು?" ಎಂದ ಬಾಲರಾಜು. ಬಂದಾಗಿನಿಂದ ಅವನು ಕೇಳಿದ ಮೊದಲ ಪ್ರಶ್ನೆ. "ಕೂಸಿಗೆ ಮೊರ ಅಂದ್ಲಂತೆ. ಅದು ಸರಿ ಹೋಗುತ್ತಾ?"

"ಚಿಕ್ಕ ವಯಸ್ಸು. ಬರಬಹುದು. ಗ್ಯಾರಂಟಿ ಕೊಡಲ್ಲ."

ಆಮೇಲಿನ ದಿನಗಳಲ್ಲಿ ನಾನು ಕಾದದ್ದು ಆ ಒಂದಕ್ಕೇ. ಎರಡನೇ ದಿನ ದಿವ್ಯಾ ಪೂರ್ತಿ ಎಚ್ಚರವಾದಳು. ಎಲ್ಲರ ಗುರುತೂ ಇತ್ತು, ಹೆಸರು ಮಾತ್ರ ಬೇರೆ ಬೇರೆ ಬರುತ್ತಿತ್ತು. ನೀರು ಬೇಕಾದರೆ "ಬಾಗಿಲು" ಅನ್ನುತ್ತಿದ್ದಳು. ನಾನು ಲೋಟ ತುಂಬಿ ಹಿಡಿಯುತ್ತಿದ್ದೆ. ನಾಲ್ಕನೇ ಲೋಟಕ್ಕೆ "ಬಾಗಿಲು ಸಾಕು" ಎಂದು ತಲೆಯಾಡಿಸಿದಳು. ಗಂಡನನ್ನು "ಸೂಜಿ" ಎಂದು ಕರೆದಳು. ಬಾಲರಾಜು "ಓ" ಎಂದು ಹೋಗಿ ಪಕ್ಕದಲ್ಲಿ ಕೂತ.

"ಸೂಜಿ ಅಂದ್ರೆ ಓ ಅಂತೀಯಲ್ಲೋ" ಎಂದಳು ಅವನ ತಾಯಿ.

"ಕರೀತಾಳಲ್ಲಮ್ಮ, ಅಷ್ಟು ಸಾಕು. ನೀನು ನನ್ನ ಅದಕ್ಕಿಂತ ಕೆಟ್ಟದಾಗಿ ಕರ್ದಿದ್ದೀಯಾ."

ಮೂರನೇ ದಿನ ತಲೆನೋವು ಇಳಿಯಿತು, ನೆಟ್ಟಗೆ ಮಲಗಿ ನಿದ್ದೆ ಮಾಡಿದಳು. ನಾಲ್ಕನೇ ದಿನ ಬಲಗೈ ಬೆರಳು ಮಡಚಿದಳು. ಕೂಸು ಎದೆಗೆ ಹತ್ತಿದಾಗ ಕೊಟ್ರಮ್ಮ ಆ ಕಡೆಯಿಂದ, ನಾನು ಈ ಕಡೆಯಿಂದ ಹಿಡಿದುಕೊಳ್ಳುತ್ತಿದ್ದೆವು. ಹಿಡಿಯುವ ರೀತಿಗೂ ಜಗಳವಾಯಿತು. ಪಕ್ಕದ ಮಂಚದವರು ಬೇರೆ ಕೋಣೆ ಕೇಳಿದರು ಎಂದು ನರ್ಸ್ ಹೇಳಿದಳು. ಪ್ರೇಮಲತಾ ದಿನಾ ಫೋನ್ ಮಾಡುತ್ತಿದ್ದಳು. ಮೂರನೇ ದಿನ ನಾನು ಅವಳಿಗೆ ಹೇಳಿದೆ, "ನಿನ್ನ ಮಾತು ಕೇಳಬೇಕಿತ್ತು. ತಪ್ಪಾಯ್ತು." "ಸಿದ್ದಕ್ಕ, ಇದು ನೀನೇನಾ ಮಾತಾಡ್ತಿರೋದು?" ಎಂದಳು. ನನಗೆ ಸಿಟ್ಟು ಬಂದು ಫೋನ್ ಇಟ್ಟೆ.

ಆರನೇ ದಿನ ಬೆಳಗ್ಗೆ ಡಾಕ್ಟ್ರಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮಾತು ಎಷ್ಟು ಬಂದಿದೆ ನೋಡಬೇಕು, ಯಾರೂ ಬಾಯಿ ಹಾಕಬಾರದು ಎಂದು ನನ್ನನ್ನೂ ಕೊಟ್ರಮ್ಮನನ್ನೂ ಬೆರಳು ತೋರಿಸಿ ಎಚ್ಚರಿಸಿದಳು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆ.

ಜೇಬಿನಿಂದ ತೆಗೆದು ತೋರಿಸಿದಳು. "ಇದೇನು?"

"ಪೆನ್ನು."

"ಇದು?"

"ವಾಚು."

ಲೋಟ ತೋರಿಸಿದಾಗ ದಿವ್ಯಾ ತಡವರಿಸಿದಳು. "ಬಾ..." ಎಂದು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, "ಅಲ್ಲ, ಲೋಟ" ಎಂದಳು. ಬಾಲರಾಜುವನ್ನು ತೋರಿಸಿದಳು ಡಾಕ್ಟ್ರಮ್ಮ. ದಿವ್ಯಾ ನಾಚಿಕೊಂಡು "ನಮ್ಮನೆಯವರು" ಎಂದಳು. ಆಮೇಲೆ ಡಾಕ್ಟ್ರಮ್ಮ ಕೊಟ್ರಮ್ಮನ ತೋಳಿನಲ್ಲಿದ್ದ, ಬಟ್ಟೆ ಸುತ್ತಿದ ಪೊಟ್ಟಣವನ್ನು ತೋರಿಸಿದಳು.

ದಿವ್ಯಾ ನೋಡುತ್ತಲೇ ಇದ್ದಳು. ತುಟಿ ಎರಡು ಸಲ ಆಡಿತು, ಸದ್ದು ಬರಲಿಲ್ಲ.

"ಕೂಸು" ಎಂದಳು. "ನನ್ ಕೂಸು."

ಕೊಟ್ರಮ್ಮ ಹೋ ಎಂದು ಅತ್ತಳು. ಕೂಸು ಬೆಚ್ಚಿ ಅದೂ ಅತ್ತಿತು. ಡಾಕ್ಟ್ರಮ್ಮ ಇಬ್ಬರನ್ನೂ ಸುಮ್ಮನಿರಿಸಿ, ಕಾಗದದ ಮೇಲೆ ಗೀಟು ಹಾಕುತ್ತಾ, "ಇವರು ಯಾರು?" ಎಂದು ಕೊಟ್ರಮ್ಮನನ್ನು ತೋರಿಸಿದಳು.

"ಅತ್ತೆ."

"ಇವರು?" ಈಗ ಪೆನ್ನಿನ ತುದಿ ನನ್ನ ಕಡೆ ತಿರುಗಿತು.

ದಿವ್ಯಾ ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಅವ್ವ ಎನ್ನುವ ಎರಡಕ್ಷರ ಇವಳ ತಲೆಯಿಂದ ಹೋಗಿಬಿಟ್ಟಿದ್ದರೆ ಎಂದು ಹೆದರಿ ಮಂಚದ ಕಂಬಿ ಹಿಡಿದುಕೊಂಡೆ.

"ಜಗಳಗಂಟಿ" ಎಂದಳು.

ಡಾಕ್ಟ್ರಮ್ಮನ ಮುಖ ಸಪ್ಪಗಾಯಿತು. "ಪರವಾಗಿಲ್ಲ, ಒಂದೊಂದು ಪದ ಇನ್ನೂ ತಪ್ತಿದೆ. ಟೈಮ್ ಬೇಕು" ಎಂದು ಕಾಗದದ ಮೇಲೆ ತಪ್ಪು ಗುರುತು ಹಾಕಲು ಹೊರಟಳು.

"ಎಲ್ಲಿ ತಪ್ಪೈತೆ ಡಾಕ್ಟ್ರೆ?" ಎಂದು ಕೊಟ್ರಮ್ಮ ಅಳುತ್ತಲೇ ಕೂಗಿದಳು. "ಸರಿಯಾಗೇ ಹೇಳವ್ಳೆ!"

"ನೂರಕ್ಕೆ ನೂರು" ಎಂದ ಹುಲಿಯಪ್ಪ. ಬಾಲರಾಜು ಗೋಡೆಯ ಕಡೆ ತಿರುಗಿಕೊಂಡಿದ್ದ, ಭುಜ ಮಾತ್ರ ಕುಣಿಯುತ್ತಿತ್ತು.

ಡಾಕ್ಟ್ರಮ್ಮ ಪೆನ್ನು ಎತ್ತಿ ಹಿಡಿದು ನನ್ನನ್ನೇ ಕೇಳಿದಳು. "ನೀವೇ ಹೇಳಿಮ್ಮ. ಸರಿನಾ, ತಪ್ಪಾ?"

ಬೇರೆ ದಿನವಾಗಿದ್ದರೆ ಆ ಕೋಣೆಯಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ.

"ಸರಿ ಅಂತ ಬರ್ಕೊಳ್ರಿ" ಎಂದೆ.

ದಿವ್ಯಾ ನಕ್ಕಳು. ಐದು ದಿನದಿಂದ ಜೋತುಬಿದ್ದಿದ್ದ ಬಲಗಡೆಯ ತುಟಿಯೂ ಎಡಗಡೆಯ ಜೊತೆಗೆ ಮೇಲೆದ್ದಿತು.